ಕಾಂಟೆಸ್ಸಾದ ಸ್ಪೀಕರು, ಕಾಫಿಯ ರೇಟು

ನಮ್ಮ ಕಾಫಿ ಸೀಮೆಯಲ್ಲಿ ಯಾವ ವರ್ಷ ರೇಟು ಏರಿತ್ತು, ಯಾವ ವರ್ಷ ಬಿದ್ದಿತ್ತು ಅಂತ ತಿಳಿಯಲು ದೊಡ್ಡ ದೊಡ್ಡ ವರದಿ ಓದಬೇಕಾಗಿಲ್ಲ. ತೋಟದ ಮನೆಗಳ ಶೆಡ್ಡಿನಲ್ಲಿ ನಿಂತಿರುವ ಗಾಡಿಗಳನ್ನು ನೋಡಿದರೆ ಸಾಕು. ರೇಟು ಬಂದ ವರ್ಷ ಗಾಡಿ ಬರುತ್ತದೆ. ರೇಟು ಬಿದ್ದ ಮೇಲೆ ಅದೇ ಗಾಡಿ ಹದಿನೈದು ವರ್ಷ ಓಡುತ್ತದೆ. ಇದು ನನ್ನ ಸ್ವಂತ ಸಿದ್ಧಾಂತ. ಯಾವ ಯೂನಿವರ್ಸಿಟಿಯೂ ಇನ್ನೂ ಒಪ್ಪಿಲ್ಲ :-)

ಈಚೆಗೆ ಇದಕ್ಕೆ ಇನ್ನೊಂದು ಬಾಲ ಸೇರಿಸಿದ್ದೇನೆ. ಗಾಡಿ ಕಾಫಿ ರೇಟಿನ ಕಥೆ ಹೇಳಿದರೆ, ಗಾಡಿಯೊಳಗಿನ ಸ್ಟೀರಿಯೋ ದೇಶದ ಕಥೆ ಹೇಳುತ್ತದೆ. ಲೈಸೆನ್ಸು, ಕಸ್ಟಮ್ಸು, ದುಬೈಗೆ ಹೋದವರು, ಕ್ಯಾಸೆಟ್ಟು, ಮೊಬೈಲು... ಎಲ್ಲವೂ ಡ್ಯಾಶ್‌ಬೋರ್ಡಿನ ಹಿಂದೆ ಒಂದರ ಮೇಲೊಂದು ವೈರಾಗಿ ಕೂತಿರುತ್ತವೆ. ಇದು ನನಗೆ ಗೊತ್ತಾಗಿದ್ದು ಮಲ್ಲಂದೂರಿನ ನಮ್ಮ ದೊಡ್ಡಪ್ಪನ ಕಾಂಟೆಸ್ಸಾದಿಂದ. 1996ರ ಮಾಡೆಲ್ಲು, ಕಾಂಟೆಸ್ಸಾ ಕ್ಲಾಸಿಕ್. "ನೀನು ಎಂತದೋ ಇಂಜಿನಿಯರು ಅಲ್ವನಾ ಮಾರಾಯ, ಇದರ ಸ್ಪೀಕರು ಒಂದು ನೋಡು" ಅಂದರು. ನಾನು ಬರೆಯೋದು ಸಾಫ್ಟ್‌ವೇರು. ಆದರೆ ನಮ್ಮೂರಿನಲ್ಲಿ ಇಂಜಿನಿಯರು ಅಂದರೆ ಮಿಕ್ಸಿಯಿಂದ ಹಿಡಿದು ಪಂಪ್‌ಸೆಟ್ಟಿನವರೆಗೆ ಎಲ್ಲ ಬರಬೇಕು. ಡಿಗ್ರಿಯ ಮರ್ಯಾದೆ ಪ್ರಶ್ನೆ ನೋಡಿ, ಒಪ್ಪಿಕೊಂಡೆ. ಸ್ಕ್ರೂ ಬಿಚ್ಚುತ್ತಾ ಬಿಚ್ಚುತ್ತಾ ಓದಿದ್ದು, ನೋಡಿದ್ದು ಇಲ್ಲಿ ಬರೆದಿದ್ದೇನೆ.

*

ಕಾರಿನಲ್ಲಿ ಹಾಡು ಕೇಳುವ ಆಸೆ ಕಾರಿನಷ್ಟೇ ಹಳೆಯದು ಅನ್ನಬಹುದು. ಆದರೆ ಆಸೆಗೂ ಬ್ಯಾಟರಿಗೂ ಹೊಂದಾಣಿಕೆ ಆಗಲು ಬಹಳ ಕಾಲ ಬೇಕಾಯಿತು. ಹಳೇ ರೇಡಿಯೋ ಅಂದರೆ ವಾಲ್ವ್ ರೇಡಿಯೋ. ವಾಲ್ವಿಗೆ ನೂರಾರು ವೋಲ್ಟ್ ಬೇಕು, ಆ ಕಾಲದ ಕಾರಿನ ಬ್ಯಾಟರಿಯಲ್ಲಿದ್ದದ್ದು 6 ವೋಲ್ಟ್. ಮಧ್ಯೆ ವೈಬ್ರೇಟರ್ ಅಂತ ಒಂದು ಸಾಮಾನು ಹಾಕುತ್ತಿದ್ದರು. ಅದು ಬ್ಯಾಟರಿಯ ಕರೆಂಟನ್ನು ಟರ್ರ್ ಅಂತ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತಿತ್ತು, ಟ್ರಾನ್ಸ್‌ಫಾರ್ಮರು ವೋಲ್ಟೇಜು ಏರಿಸುತ್ತಿತ್ತು. ಇದರ ಜೊತೆಗೆ ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ರೇಡಿಯೋದೊಳಗೆ ಚಟಪಟ ಅನ್ನುತ್ತಿತ್ತು. ಹಾಡು ಕೇಳಬೇಕಾದರೆ ಮೊದಲು ಇಂಜಿನ್ನಿನ ಬಾಯಿ ಮುಚ್ಚಿಸಬೇಕಿತ್ತು.

1930ರಲ್ಲಿ ಅಮೆರಿಕಾದ ಪಾಲ್ ಗಾಲ್ವಿನ್ ತನ್ನ ಕಂಪನಿಯ ಕಾರ್ ರೇಡಿಯೋವನ್ನು ಸ್ವಂತ ಕಾರಿಗೇ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದ. ಆ ರೇಡಿಯೋಗೆ ಇಟ್ಟ ಹೆಸರು ಮೋಟೊರೋಲಾ. ಹೌದು, ನಾವೆಲ್ಲ ಮೊಬೈಲಿನ ಮೇಲೆ ನೋಡಿದ ಅದೇ ಹೆಸರು. ಮೋಟಾರಿನಲ್ಲಿ ಹಾಡೋ ಪೆಟ್ಟಿಗೆ ಅಂತ ಅದರ ಅರ್ಥ. ಎರಡು ವರ್ಷದ ಮೇಲೆ ಜರ್ಮನಿಯ ಬ್ಲಾಪುಂಕ್ಟ್ ಕಂಪನಿ ಯುರೋಪಿನ ಮೊದಲ ಕಾರ್ ರೇಡಿಯೋ ತಂತು. ಅದರ ಬೆಲೆ 465 ಮಾರ್ಕ್, ಒಂದು ಕಾರಿನ ಬೆಲೆಯ ಸುಮಾರು ಮೂರನೇ ಒಂದು ಭಾಗ! ಟ್ರಾನ್ಸಿಸ್ಟರ್ ಬಂದ ಮೇಲೆ ಈ ಕಷ್ಟ ಕರಗಿತು. 1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೋ ಸೇರಿ ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೋ ಮಾಡಿದರು. ವೈಬ್ರೇಟರಿನ ಟರ್ರ್ ಸದ್ದು ಅಲ್ಲಿಗೆ ಮುಗಿಯಿತು.

ಒಂದು ತಮಾಷೆ ನೋಡಿ. ರೇಡಿಯೋ ಎಷ್ಟೋ ಸಲ ಬದಲಾಯಿತು, ಸ್ಪೀಕರು ಮಾತ್ರ ಹೆಚ್ಚು ಬದಲಾಗಲೇ ಇಲ್ಲ. ಒಂದು ಅಯಸ್ಕಾಂತ, ಅದರ ಸಂದಿಯಲ್ಲಿ ಒಂದು ತಂತಿ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಶಂಕು. ಜನರಲ್ ಎಲೆಕ್ಟ್ರಿಕ್ಕಿನ ರೈಸ್ ಮತ್ತು ಕೆಲ್ಲಾಗ್ ಅನ್ನುವ ಇಬ್ಬರು 1925ರಲ್ಲಿ ವಿವರಿಸಿದ ಲೆಕ್ಕವೇ ಇವತ್ತಿಗೂ ನಡೆಯುತ್ತಿದೆ. ಕಾಂಟೆಸ್ಸಾದಲ್ಲಿದ್ದದ್ದೂ ಅದೇ, ನಾಳೆ ನೀವು ಕೊಳ್ಳುವ ಕಾರಿನಲ್ಲಿರುವುದೂ ಹೆಚ್ಚುಕಮ್ಮಿ ಅದೇ.

*

ಇತ್ತ ನಮ್ಮ ಕಡೆ ಏನು ನಡೀತಿತ್ತು? ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದರು. ಆ ಕೇಂದ್ರದ ಹೆಸರು ಆಕಾಶವಾಣಿ. ಆಮೇಲೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ಮಲೆನಾಡಿಗೆ ಹತ್ತಿರದ ನಿಲಯ ಅಂದರೆ ಭದ್ರಾವತಿ, ಅದು ಶುರುವಾಗಿದ್ದು 1965ರಲ್ಲಿ.

ಆದರೆ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ರೇಡಿಯೋ ಸೆಟ್ಟು ಇಟ್ಟುಕೊಳ್ಳುವುದೇ ಅಪರಾಧ. ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ ಸಣ್ಣ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕು. 1980ರ ದಶಕದ ಮಧ್ಯದಲ್ಲಿ ಇದು ಹೋಯಿತು. ನಮ್ಮ ಮನೆಗಳ ಅಟ್ಟದಲ್ಲಿ ಇನ್ನೂ ಆ ಪುಸ್ತಕಗಳು ಸಿಗುತ್ತವೆ. ಈಗಿನ ಹುಡುಗರಿಗೆ ತೋರಿಸಿದರೆ, ಹಾಡು ಕೇಳೋಕೆ ಸರ್ಕಾರದ ಪರ್ಮಿಶನ್ನಾ ಅಂತ ನಗುತ್ತಾರೆ.

ಲೈಸೆನ್ಸ್ ಇದ್ದರೂ ಮಲ್ಲಂದೂರಿನ ಕಡೆ ರೇಡಿಯೋ ಹಿಡಿಯುವುದು ಸುಲಭದ ಮಾತಲ್ಲ. ಜಾಗರ ಕಣಿವೆ ಅಂದರೆ ಸುತ್ತ ಬಾಬಾಬುಡನ್ ಸಾಲು, ಆ ಕಡೆ ಮುತ್ತೋಡಿ ಕಾಡು. ಮೀಡಿಯಂ ವೇವ್ ನೆಲವನ್ನು ತಬ್ಬಿಕೊಂಡು ಗುಡ್ಡ ಬಳಸಿ ಹೇಗೋ ಬರುತ್ತದೆ. ಶಾರ್ಟ್ ವೇವ್ ಆಕಾಶಕ್ಕೆ ಹೋಗಿ ಪುಟಿದು ಮತ್ತೆ ಇಳಿಯುತ್ತದೆ. ಅದಕ್ಕೇ ದೂರದ ಸಿಲೋನು ರಾತ್ರಿ ಚೆನ್ನಾಗಿ ಕೇಳುತ್ತಿತ್ತು. ಎಫ್.ಎಂ. ಮಾತ್ರ ಹೆಚ್ಚುಕಮ್ಮಿ ಬೆಳಕಿನ ಹಾಗೆ, ಗುಡ್ಡ ಅಡ್ಡ ಬಂದರೆ ಮುಗೀತು. ಬೆಂಗಳೂರಿನಲ್ಲಿ 2001ರಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಬಂದಾಗ ಊರೆಲ್ಲ ಕಾರಿನಲ್ಲಿ ರೇಡಿಯೋ ಕೇಳಲು ಶುರುಮಾಡಿತಂತೆ. ನಮ್ಮ ಕಣಿವೆಯಲ್ಲಿ ಎಫ್.ಎಂ. ಅಂದರೆ ಒಂದು ತಿರುವಿನಲ್ಲಿ ಪಲ್ಲವಿ, ಮುಂದಿನ ತಿರುವಿನಲ್ಲಿ ಬರೀ ಸೊಂಯ್ ಸದ್ದು. ಹೀಗಾಗಿ ನಮ್ಮ ಕಡೆ ಕಾರಿಗೆ ಸಂಗೀತ ನಿಜವಾಗಿ ಬಂದಿದ್ದು ಕ್ಯಾಸೆಟ್ಟಿನ ಜೊತೆ.

*

ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನಲ್ಲಿ ಕ್ಯಾಸೆಟ್ ತೋರಿಸಿತು. ನಮ್ಮಲ್ಲಿ ಅದು ಮನೆಮನೆಗೆ ಬರಲು ಹತ್ತಿಪ್ಪತ್ತು ವರ್ಷ ಹಿಡಿಯಿತು. ಕನ್ನಡದಲ್ಲಿ 1978ರಲ್ಲಿ ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ಕೊಟ್ಟ 'ನಿತ್ಯೋತ್ಸವ' ಬಂತು. ಭಾವಗೀತೆಗಳ ಮೊದಲ ಧ್ವನಿಸುರುಳಿ ಅಂತ ಅದನ್ನೇ ಹೇಳುತ್ತಾರೆ. ಆಮೇಲೆ ನಾಟಕ, ಹರಿಕಥೆ, ಯಕ್ಷಗಾನ, ತಾಳಮದ್ದಲೆ ಎಲ್ಲ ಕ್ಯಾಸೆಟ್ಟಿಗೆ ಬಂದವು. ಅಲ್ಲಿಯವರೆಗೆ ಹಾಡು ಯಾವಾಗ ಕೇಳಬೇಕು ಅಂತ ರೇಡಿಯೋದವರು ತೀರ್ಮಾನ ಮಾಡುತ್ತಿದ್ದರು. ಈಗ ಮೊದಲ ಸಲ ಕೇಳುವವನ ಕೈಗೆ ಬಂತು. ಇನ್ನೂ ದೊಡ್ಡ ವಿಷಯ ಅಂದರೆ ರೆಕಾರ್ಡ್ ಮಾಡುವುದೂ ಕೈಗೆ ಬಂತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೆಟ್ಟು ಎಲ್ಲಿಂದ? ಆಗ ವಿದೇಶಿ ಎಲೆಕ್ಟ್ರಾನಿಕ್ಸು ತರಿಸಲು ವಿಪರೀತ ಸುಂಕ, ಸುಂಕ ಕಟ್ಟುತ್ತೇನೆ ಅಂದರೂ ಪರವಾನಗಿ ಇಲ್ಲ. ಮದ್ರಾಸಿನ ಬರ್ಮಾ ಬಜಾರು, ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟು ಹೆಸರು ಮಾಡಿದ್ದು ಇದೇ ಕಾರಣಕ್ಕೆ. ನಮಗೆ ಇನ್ನೊಂದು ದಾರಿ ಇತ್ತು. ಚಾರ್ಮಾಡಿ ಇಳಿದರೆ ಮಂಗಳೂರು ಸೀಮೆ, ಅಲ್ಲಿ ಮನೆಗೊಬ್ಬರು ದುಬೈಯಲ್ಲೋ ಬಹರೈನಿನಲ್ಲೋ ಇದ್ದರು. ರಜೆಗೆ ಬರುವಾಗ ಟೂ-ಇನ್-ವನ್ನು, ಕಾರ್ ಸ್ಟೀರಿಯೋ ತರುತ್ತಿದ್ದರು. ಘಟ್ಟದ ಮೇಲಿನ ಕಾರುಗಳಲ್ಲಿ ಹಾಡಿದ ಜಪಾನಿನ ಡೆಕ್ಕುಗಳಲ್ಲಿ ಎಷ್ಟೋ ಹೀಗೆ ಘಟ್ಟ ಹತ್ತಿದವು.

*

ಈಗ ಕಾಂಟೆಸ್ಸಾ. ಹಿಂದೂಸ್ತಾನ್ ಮೋಟಾರ್ಸ್ ಇದನ್ನು 1984ರಲ್ಲಿ ಬಿಡುಗಡೆ ಮಾಡಿತು. ಮೈ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನದ್ದು, ಅಲ್ಲಿ ಅದು 1970ರ ದಶಕದಲ್ಲೇ ನಿಂತುಹೋದ ಮಾಡೆಲ್ಲು. ಮೊದಲು ಇದಕ್ಕೆ ಅಂಬಾಸಿಡರಿನ 1489 ಸಿಸಿ ಇಂಜಿನ್ನನ್ನೇ ಕೂರಿಸಿದ್ದರು. ಆನೆಯ ಮೈಗೆ ಕತ್ತೆಯ ಕಾಲು! ಆಮೇಲೆ ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಇಂಜಿನ್ನು, ಐದು ಗೇರು ಬಂದ ಮೇಲೆ ಕಾಂಟೆಸ್ಸಾ ಕ್ಲಾಸಿಕ್ಕಿಗೆ ನಿಜವಾದ ಗತ್ತು ಬಂತು. ಮಂತ್ರಿಗಳು, ದೊಡ್ಡ ಆಫೀಸರುಗಳು, ಸಿನಿಮಾದ ವಿಲನ್ನುಗಳು ಎಲ್ಲರೂ ಅದರಲ್ಲೇ. 2002ರಲ್ಲಿ ತಯಾರಿ ನಿಂತಿತು.

ದೊಡ್ಡಪ್ಪನಿಗೆ 1996ರಲ್ಲಿ ಇದು ಹೇಗೆ ಬಂತು ಅನ್ನೋದಕ್ಕೆ ಬ್ರೆಜಿಲ್ಲಿಗೆ ಹೋಗಬೇಕು. 1942ರ ಕಾಫಿ ಕಾಯ್ದೆಯ ಮೇಲೆ ನಡೆಯುತ್ತಿದ್ದ ಪೂಲ್ ಪದ್ಧತಿಯಲ್ಲಿ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡಿಗೇ ಕೊಡಬೇಕಿತ್ತು. ದುಡ್ಡು ಕಂತುಕಂತಾಗಿ, ಬಂದಾಗ ಬಂತು. 1992ರಿಂದ ಈ ಕಟ್ಟು ಸಡಿಲವಾಗುತ್ತಾ ಹೋಗಿ 1996ರ ಹೊತ್ತಿಗೆ ಬೆಳೆಗಾರರೆಲ್ಲ ತಮ್ಮ ಕಾಫಿ ತಾವೇ ಮಾರಬಹುದು ಅಂತಾಯಿತು. ಅದೇ ಸಮಯಕ್ಕೆ, 1994ರ ಜೂನ್ ಮತ್ತು ಜುಲೈನಲ್ಲಿ, ಬ್ರೆಜಿಲ್ಲಿನಲ್ಲಿ ಎರಡು ಸಲ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟುಹೋದವು. ಪ್ರಪಂಚದ ರೇಟು ಒಮ್ಮೆಲೇ ನೆಗೆಯಿತು. ಕಂತಿನ ದುಡ್ಡು ಕಾಯುತ್ತಿದ್ದ ಕೈಗೆ ಮೊದಲ ಸಲ ಇಡೀ ಬೆಳೆಯ ದುಡ್ಡು ಒಟ್ಟಿಗೆ ಬಂತು. ಅಲ್ಲಿಯವರ ಗಿಡ ಸುಟ್ಟಿದ್ದಕ್ಕೆ ಇಲ್ಲಿ ಕಾರು ಬಂತು. ಬೇಸರದ ಮಾತು, ಆದರೆ ಕಾಫಿ ವ್ಯಾಪಾರ ಅಂದರೆ ಅದೇ.

ಸುಖ ಬಹಳ ದಿನ ಉಳಿಯಲಿಲ್ಲ. 1999ರ ನಂತರ ವಿಯೆಟ್ನಾಮಿನ ಕಾಫಿಯೂ ಬ್ರೆಜಿಲ್ಲಿನ ಕಾಫಿಯೂ ಮಾರುಕಟ್ಟೆಗೆ ನುಗ್ಗಿ ರೇಟು ಕುಸಿಯಿತು, 2001-02ರಲ್ಲಿ ಪಾತಾಳ ಕಂಡಿತು. ಹೊಸ ಕಾರಿನ ಮಾತು ಯಾರೂ ಎತ್ತಲಿಲ್ಲ. ಕಾರು ಬದಲಿಸಲಾಗದವರು ಸ್ಟೀರಿಯೋ ಬದಲಿಸುತ್ತಾರೆ. ಇದು ನನ್ನ ಎರಡನೇ ಸಿದ್ಧಾಂತ.

*

ಡ್ಯಾಶ್‌ಬೋರ್ಡು ಬಿಚ್ಚಿದಾಗ ಇದಕ್ಕೆ ಸಾಕ್ಷಿ ಸಿಕ್ಕಿತು. ಮೇಲಿನ ಪದರದಲ್ಲಿ ಹತ್ತು ವರ್ಷದ ಹಿಂದೆ ಹಾಕಿಸಿದ ಯು.ಎಸ್.ಬಿ. ಪ್ಲೇಯರಿನ ವೈರು. ಅದರ ಕೆಳಗೆ ಅದಕ್ಕೂ ಹಿಂದಿನ ಸಿ.ಡಿ. ಪ್ಲೇಯರಿನದ್ದು. ಗ್ರಾಹಕ ವಸ್ತುಗಳ ಆಮದಿನ ಮೇಲೆ ಉಳಿದಿದ್ದ ಕೊನೆಯ ನಿರ್ಬಂಧಗಳು 2001ರ ಏಪ್ರಿಲ್ 1ರಂದು ಹೋದವು. ಆಮೇಲೆ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ವಿದೇಶಿ ಸೆಟ್ಟುಗಳು ಬಿಲ್ಲಿನ ಸಮೇತ ಸಿಗತೊಡಗಿದ್ದವು. ತಳದಲ್ಲಿ ಮೊದಲ ಕ್ಯಾಸೆಟ್ ಡೆಕ್ಕಿನ ವೈರು. ಡೆಕ್ಕನ್ನೂ ದೊಡ್ಡಪ್ಪ ಎಸೆದಿರಲಿಲ್ಲ, ಪೇಪರಿನಲ್ಲಿ ಸುತ್ತಿ ಇಟ್ಟಿದ್ದರು.

ಮೂರು ಕಾಲದ ಮೂರು ಸೆಟ್ಟು ಒಂದೇ ತೂತಿನಲ್ಲಿ ಹೇಗೆ ಕೂತವು? ಜರ್ಮನಿಯ 'ಡಿನ್' ಅಳತೆಯಿಂದ. 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಮುಂದೆ ಅದೇ ಅಂತರರಾಷ್ಟ್ರೀಯ ಅಳತೆಯಾಯಿತು. ಹಳೇ ಕಾರಿನ ಮಾಲೀಕರು ಈ ಅಳತೆಗೆ ದಿನಾ ಕೈ ಮುಗಿಯಬೇಕು. 2001ರ ಬಿ.ಎಂ.ಡಬ್ಲ್ಯೂ. 7 ಸೀರೀಸಿನಲ್ಲಿ ರೇಡಿಯೋ, ಆಂಪ್ಲಿಫೈಯರು ಎಲ್ಲವನ್ನೂ 'ಮೋಸ್ಟ್' ಅನ್ನುವ, ಬೆಳಕು ಸಾಗಿಸುವ ಪ್ಲಾಸ್ಟಿಕ್ ಎಳೆಯ ಒಂದು ಉಂಗುರಕ್ಕೆ ಕಟ್ಟಿದರು. ಆ ಉಂಗುರದಲ್ಲಿ ಒಂದು ಪೆಟ್ಟಿಗೆ ಸತ್ತರೆ ಇಡೀ ಉಂಗುರವೇ ಮೂಕ. ಮಧ್ಯೆ ಬೇರೆ ಕಂಪನಿಯ ಸೆಟ್ಟು ಹಾಕುವುದು ಸುಲಭವಿಲ್ಲ. ಆ ಕಾಲದ ದುಬಾರಿ ಕಾರು ಈಗ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದರ ಸ್ಟೀರಿಯೋ ರಿಪೇರಿ ಮಾತ್ರ ಅಗ್ಗವಲ್ಲ. ಕಾಂಟೆಸ್ಸಾದಲ್ಲಿ ಹಾಗಲ್ಲ. ಹಳದಿ ವೈರು ಬ್ಯಾಟರಿಗೆ, ಕೆಂಪು ಕೀಲಿಗೆ, ಕಪ್ಪು ಅರ್ಥಿಂಗಿಗೆ, ಉಳಿದವು ಸ್ಪೀಕರಿಗೆ. ಯಾವ ಊರಿನ ಎಲೆಕ್ಟ್ರಿಷಿಯನ್ನೂ ಓದಬಲ್ಲ ಲಿಪಿ.

ಹಿಂದಿನ ಗಾಜಿನ ಕೆಳಗಿನ ಹಲಗೆಯಲ್ಲಿ 6x9 ಇಂಚಿನ ಎರಡು ಮೊಟ್ಟೆಯಾಕಾರದ ಸ್ಪೀಕರು. ಕಾಗದದ ಶಂಕು ಗಟ್ಟಿಯಾಗಿಯೇ ಇತ್ತು, ಅದರ ಅಂಚಿನ ಫೋಮು ಬೆರಳು ತಾಗಿಸಿದರೆ ಪುಡಿ. ಆ ಫೋಮು ಪಾಲಿಯುರೆಥೇನ್, ಗಾಳಿಯ ತೇವವೇ ಅದನ್ನು ಒಳಗೊಳಗೇ ಕಡಿದುಹಾಕುತ್ತದೆ. ಒಣ ಊರಿನಲ್ಲೇ ಹದಿನೈದಿಪ್ಪತ್ತು ವರ್ಷ ಬಾಳುವ ಸಾಮಾನು. ಜೂನಿನಿಂದ ಸೆಪ್ಟೆಂಬರಿನವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮ ಊರಿನಲ್ಲಿ ಕೇಳಬೇಕೆ? ಮಲೆನಾಡಿನಲ್ಲಿ ಸ್ಪೀಕರು ತಗೊಳ್ಳುವವರಿಗೆ ನನ್ನ ಒಂದೇ ಮಾತು: ವ್ಯಾಟು ನೋಡಬೇಡಿ, ಅಂಚು ರಬ್ಬರಿನದ್ದೇ ನೋಡಿ.

ವ್ಯಾಟಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸೆಟ್ಟಿನ ಡಬ್ಬದ ಮೇಲೆ 50 ವ್ಯಾಟ್ x 4 ಅಂತ ಬರೆದಿರುತ್ತದೆ. ಇಂಜಿನ್ ಓಡುವಾಗ ಸಿಗುವುದು 14.4 ವೋಲ್ಟ್, ಸ್ಪೀಕರು 4 ಓಮ್. 14.4ರ ವರ್ಗವನ್ನು 4ರ ಎರಡರಷ್ಟರಿಂದ ಭಾಗಿಸಿ. ಸುಮಾರು 26 ಬರುತ್ತದೆ. ಸ್ಪಷ್ಟ ಧ್ವನಿಗೆ ಅದೇ ಮಿತಿ, ಸೋರಿಕೆ ಕಳೆದರೆ ಇಪ್ಪತ್ತರ ಆಸುಪಾಸು. ಉಳಿದದ್ದು ಡಬ್ಬದ ಮೇಲಿನ ಬಣ್ಣ. ಹೆಚ್ಚು ಬೇಕಾದರೆ ಬೇರೆ ಆಂಪ್ಲಿಫೈಯರು ಬೇಕು, ಅದಕ್ಕೆ ಬ್ಯಾಟರಿಯಿಂದ ನೇರ ದಪ್ಪ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ಈ ಫ್ಯೂಸು ಬಿಟ್ಟು ಆಂಪ್ಲಿಫೈಯರು ಹಾಕಿಸಿದರೆ ಅದು ಮ್ಯೂಸಿಕ್ ಸಿಸ್ಟಮ್ ಅಲ್ಲ, ಬೆಂಕಿಪೆಟ್ಟಿಗೆ. ಮೂವತ್ತು ವರ್ಷದ ಕಾರಿನಲ್ಲಂತೂ ಇಲಿ ಕಡಿದ ವೈರಿರುತ್ತದೆ.

*

ಇಷ್ಟೆಲ್ಲ ತಾಪತ್ರಯ ಯಾಕೆ, ಹೊಸ ಟಚ್‌ಸ್ಕ್ರೀನ್ ಸೆಟ್ಟು ಹಾಕಿ ಮುಗಿಸಬಾರದಾ ಅಂತ ಅಣ್ಣನ ವಾದ. ಕಾರನ್ನೇ ಗುಜರಿಗೆ ಕೊಡೋಣ ಅಂತ ಅತ್ತಿಗೆಯದು. ಅವರ ಮಾತೂ ಸುಳ್ಳಲ್ಲ. ಹದಿನೈದು ವರ್ಷ ದಾಟಿದ ಕಾರಿನ ರಿಜಿಸ್ಟ್ರೇಶನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್ಲಿನಿಂದ ಅದಕ್ಕೆ 5000 ರೂಪಾಯಿ ಆಯಿತು, 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಮಾಡಿದರು.

ದೊಡ್ಡಪ್ಪ ಜಗಳ ಆಡಲಿಲ್ಲ. ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದರು. ಅದರೊಳಗೆ ಹೆಸರು ಬರೆಯದ ಒಂದು ಅರವತ್ತು ನಿಮಿಷದ ಕ್ಯಾಸೆಟ್ಟು. "ಇದು ಕೇಳ್ಬೇಕು. ಮನೆಯ ಟೇಪ್ ರೆಕಾರ್ಡರು ಯಾವಾಗಲೋ ಹೋಯ್ತು. ಕಾರಿಂದು ಸರಿ ಮಾಡು" ಅಂದರು.

ಕಾರು ಬಂದ ಎರಡು ವರ್ಷಕ್ಕೆ, ಕುಯಿಲಿನ ಕಾಲದಲ್ಲಿ, ಕಣದಲ್ಲಿ ರೆಕಾರ್ಡ್ ಮಾಡಿದ್ದಂತೆ. ಘಟ್ಟದ ಕೆಳಗಿನಿಂದ ಮೇಸ್ತ್ರಿಯ ಜೊತೆ ಕೆಲಸಕ್ಕೆ ಬರುತ್ತಿದ್ದ ಹೆಂಗಸರು ಲೈನ್ ಮನೆಗಳಲ್ಲಿ ಇರುತ್ತಿದ್ದರು. ತುಳುವರ ನಾಟಿಯ ಓಬೇಲೆ ಹಾಡುಗಳನ್ನು ಅವರು ಗದ್ದೆಯಿಲ್ಲದ ನಮ್ಮ ತೋಟದಲ್ಲೂ ಹಾಡುತ್ತಿದ್ದರು. ಒಬ್ಬಾಕೆ ಹೇಳುವುದು, ಉಳಿದವರು ಸೊಲ್ಲು ಹಿಡಿಯುವುದು. ದೊಡ್ಡಪ್ಪ ಟೂ-ಇನ್-ವನ್ನು ಇಟ್ಟು ಎರಡೂ ಬದಿ ತುಂಬಿಸಿದ್ದರು. ಆ ಹೆಂಗಸರಲ್ಲಿ ಯಾರೂ ಕಾಂಟೆಸ್ಸಾದೊಳಗೆ ಕೂತವರಲ್ಲ. ಅವರ ದನಿ ಮಾತ್ರ ಅದರೊಳಗೆ ಎಷ್ಟೋ ಸಲ ಚಿಕ್ಕಮಗಳೂರಿಗೆ ಹೋಗಿ ಬಂದಿದೆ.

ಅಲ್ಲಿಗೆ ನನ್ನ ಲೆಕ್ಕ ಬದಲಾಯಿತು. ಈ ಕೆಲಸಕ್ಕೆ ಬೇಕಾದದ್ದು ಎದೆ ನಡುಗಿಸುವ ಬಾಸ್ ಅಲ್ಲ, ಮನುಷ್ಯರ ದನಿ ತಿಳಿಯಾಗಿ ಕೇಳುವುದು. ಹಳೇ ಡೆಕ್ಕಿನ ರಬ್ಬರ್ ಬೆಲ್ಟು ಕರಗಿ ಟಾರಿನ ಹಾಗಾಗಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ಬೆಲ್ಟು ಹಾಕಿ, ಹೆಡ್ಡು ತೊಳೆದು, ಮೊದಲು ಯಾವುದೋ ಸಿನಿಮಾ ಕ್ಯಾಸೆಟ್ಟು ಹತ್ತು ಸಲ ಓಡಿಸಿ ನೋಡಿದೆ. ಟೇಪು ಕಡಿಯುವುದಿಲ್ಲ ಅಂತ ಖಾತ್ರಿಯಾದ ಮೇಲೆ ಡೆಕ್ಕಿನ ಔಟ್‌ಪುಟ್ಟನ್ನು ಲ್ಯಾಪ್‌ಟಾಪಿಗೆ ಕೊಟ್ಟು ಓಬೇಲೆ ಕ್ಯಾಸೆಟ್ಟಿನ ಎರಡೂ ಬದಿಯನ್ನು ಒಂದೇ ಸಲಕ್ಕೆ ಇಳಿಸಿಕೊಂಡೆ. ಟೇಪಿನ ಸೊಂಯ್ ಸದ್ದನ್ನು ತೆಗೆಯಲು ಹೋಗಲಿಲ್ಲ. ಅದನ್ನು ತೆಗೆದರೆ ಕಾಫಿ ಗುಡಿಸುವ ಪೊರಕೆಯ ಸದ್ದೂ ಹೋಗುತ್ತಿತ್ತು.

ಆಮೇಲೆ ಸ್ಪೀಕರು. ಹಿಂದಕ್ಕೆ ರಬ್ಬರ್ ಅಂಚಿನ ಅದೇ ಅಳತೆಯ ಜೋಡಿ, ಮುಂದಿನ ಬಾಗಿಲಿಗೆ ಒಂದು ಸಣ್ಣ ಜೋಡಿ, ಸೀಟಿನ ಕೆಳಗೆ ಸಣ್ಣ ಆಂಪ್ಲಿಫೈಯರು. ಹಳೇ ಡೆಕ್ಕಿನಲ್ಲಿ ಲೈನ್ ಔಟ್ ಇಲ್ಲ, ಆದ್ದರಿಂದ ಅದರ ಸ್ಪೀಕರ್ ವೈರನ್ನೇ ತೆಗೆದುಕೊಳ್ಳಬಲ್ಲ ಆಂಪ್ಲಿಫೈಯರು ಹುಡುಕಿದೆ. ಅಣ್ಣನ ಮೊಬೈಲಿಗೆ ಕ್ಯಾಸೆಟ್ಟಿನ ಆಕಾರದ್ದೇ ಒಂದು ಬ್ಲೂಟೂತ್ ಅಡಾಪ್ಟರು. ವೇಷ ಕ್ಯಾಸೆಟ್ಟಿನದು, ಒಳಗೆ ಇವತ್ತಿನ ಹಾಡು. ಹೊರಗಿನಿಂದ ನೋಡಿದರೆ 1996ರ ಕಾರಿನಲ್ಲಿ ಏನೂ ಬದಲಾಗಿಲ್ಲ.

ಇಳಿಸಿಕೊಂಡ ಹಾಡನ್ನು ಆಗಿನ ಮೇಸ್ತ್ರಿಯ ಮನೆಯವರ ಮೊಬೈಲಿಗೆ ಕಳಿಸಿದ್ದೆವು. ಮೂರನೇ ದಿನ ಬೆಳ್ತಂಗಡಿ ಕಡೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಮುಂದೆ ನಿಂತು ಹಾಡಿದ್ದು ಅವಳ ಅಜ್ಜಿ. ಅಜ್ಜಿ ತೀರಿಕೊಂಡು ಬಹಳ ವರ್ಷವಾಗಿದೆ, ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲವಂತೆ. "ಇನ್ನೊಂದು ಬದಿಯೂ ಇದೆಯಾ ಅಣ್ಣಾ?" ಅಂತ ಕೇಳಿದಳು. ಇದೆ ಅಂದೆ.

*

ಆಡಿಯೋ ಪ್ರಿಯರ ನಡುವೆ ಒಂದು ಹಳೇ ಜಗಳವಿದೆ. ಹಳೇ ಕಾರಿಗೆ ಕಂಪನಿಯ ಸೆಟ್ಟೇ ಇರಬೇಕು, ಅದೇ ಒರಿಜಿನಲ್ ಅಂತ ಒಂದು ಪಕ್ಷ. ಕಾಲಕ್ಕೆ ತಕ್ಕ ಹಾಗೆ ಬದಲಿಸಬೇಕು ಅಂತ ಇನ್ನೊಂದು. ನಮ್ಮ ದೇಶದ ಆ ಕಾಲದ ಕಾರುಗಳ ಮಟ್ಟಿಗೆ ಈ ಜಗಳಕ್ಕೆ ಹೆಚ್ಚು ಅರ್ಥವಿಲ್ಲ ಅನ್ನಿಸುತ್ತದೆ. ಇಂಗ್ಲೆಂಡಿನ ಮೈ, ಜಪಾನಿನ ಇಂಜಿನ್ನು, ಉತ್ತರಪಾಡಾದ ಜೋಡಣೆ, ಜರ್ಮನಿಯ ಅಳತೆಯ ತೂತು, ಘಟ್ಟ ಹತ್ತಿ ಬಂದ ಡೆಕ್ಕು. ಇದರಲ್ಲಿ ಒರಿಜಿನಲ್ ಯಾವುದು? ಬದಲಾಗುತ್ತಾ ಬಂದದ್ದೇ ಅದರ ಇತಿಹಾಸ. ಬದಲಿಸುವ ಮುಂಚೆ ಅದು ಇಷ್ಟು ದಿನ ಯಾರ ದನಿಯನ್ನು ಹಾಡಿತು ಅಂತ ಒಮ್ಮೆ ಕೇಳಿಕೊಂಡರೆ ಸಾಕು.

ನಿಮ್ಮ ಮನೆಗಳ ಅಟ್ಟದಲ್ಲೂ ಹೆಸರು ಬರೆಯದ ಕ್ಯಾಸೆಟ್ಟುಗಳಿರುತ್ತವೆ. ಮಳೆಗಾಲ ಶುರುವಾಗುವ ಮುಂಚೆ ಒಮ್ಮೆ ತೆಗೆದು ನೋಡಿ. ಓಡಿಸುವ ಡೆಕ್ಕು ಇಲ್ಲದಿದ್ದರೆ ಯಾರದ್ದಾದರೂ ಹಳೇ ಕಾರು ಹುಡುಕಿ. ಬೆಲ್ಟು ಎಲ್ಲಿ ಸಿಗುತ್ತದೆ ಅಂತ ಬೇಕಾದರೆ ನನ್ನನ್ನು ಕೇಳಿ, ಹೇಳುತ್ತೇನೆ.